ಎರಡು ಹುಟ್ಟುಹಬ್ಬಗಳ ನಡುವಿನ ದಾರಿ

ನಮ್ಮ ಅಪ್ಪನಿಗೆ ವರ್ಷಕ್ಕೆ ಮೂರು ಹುಟ್ಟುಹಬ್ಬಗಳು. ಮಾರ್ಗಶಿರದ ತಿಥಿಗೆ ಬರುವುದು ಅಮ್ಮನ ಪಾಲಿನದು. ಡಿಸೆಂಬರಿನ ತಾರೀಖಿಗೆ ಬರುವುದು ಮೊಮ್ಮಕ್ಕಳದು. ಶಾಲೆಗೆ ಸೇರಿಸುವಾಗ ವಯಸ್ಸು ಸಾಲದೆಂದು ಹೆಡ್‌ಮಾಸ್ತರರು ತಾವೇ ಬರೆದುಕೊಂಡ ಜೂನ್ 1 ಬ್ಯಾಂಕಿನವರದು ಮತ್ತು ವಿಮೆಯವರದು. ಈ ಮೂರನೆಯದರಂದು ಮೊಬೈಲಿಗೆ ನಾಲ್ಕು ಸಂದೇಶಗಳು ಬರುವುದು ಬಿಟ್ಟರೆ ಬೇರೇನೂ ನಡೆಯುವುದಿಲ್ಲವಾದರೂ, ಅಪ್ಪನನ್ನು ನೌಕರಿಯಿಂದ ಆರು ತಿಂಗಳು ಮುಂಚೆಯೇ ಮನೆಗೆ ಕಳುಹಿಸಿದ್ದು ಅದೇ ಆದ್ದರಿಂದ, ಅದನ್ನು ಸುಳ್ಳು ಹುಟ್ಟುಹಬ್ಬವೆನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ತಿಥಿಗೂ ತಾರೀಖಿಗೂ ಏಕೆ ಹೊಂದುವುದಿಲ್ಲವೆಂದು ಯಾರಾದರೂ ಕೇಳಿದರೆ, ಗಣಿತದ ಮೇಷ್ಟರಾಗಿದ್ದ ಅಪ್ಪನಿಗೆ ಎಲ್ಲಿಲ್ಲದ ಉತ್ಸಾಹ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ, ಅಂದರೆ ಕ್ಯಾಲೆಂಡರಿನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆ ಕೊರತೆಯನ್ನು ಅಧಿಕಮಾಸ ಆಗಾಗ ತುಂಬಿಕೊಡುತ್ತದೆ. ಹೀಗೆ ಹಿಂದೆ ಮುಂದೆ ಜಗ್ಗಾಡಿಕೊಂಡು ಹತ್ತೊಂಬತ್ತು ವರ್ಷಕ್ಕೊಮ್ಮೆ ಎರಡೂ ಹೆಚ್ಚುಕಡಿಮೆ ಒಂದೇ ದಿನಕ್ಕೆ ಬಂದು ಸೇರುತ್ತವೆ. ಅಪ್ಪನಿಗೆ ಐವತ್ತೇಳು ತುಂಬಿದಾಗ ಹಾಗೆ ಸೇರಿದ್ದವು, ಅಮ್ಮನಿಗೆ ಒಂದು ಪಾಯಸ ಉಳಿಯಿತು. ಈ ಸಲ ಅರವತ್ತೆಂಟು. ತಿಥಿ ಶುಕ್ರವಾರ, ತಾರೀಖು ಭಾನುವಾರ. ಕ್ಯಾಲೆಂಡರಿನಲ್ಲಿ ಯಾವ ಮೂರು ದಿನ ಒಟ್ಟಿಗೆ ಕಂಡರೂ ಕಾರಿನ ಕೀಲಿ ಹುಡುಕುವ ಸ್ವಭಾವದ ನಮ್ಮ ಭಾವನವರು, ನಡುವೆ ಶನಿವಾರ ಹೇಗೂ ಇದೆಯಲ್ಲ, ಹಾಸನ ಚಿಕ್ಕಮಗಳೂರು ಕಡೆ ಹೋಗಿಬರೋಣ ಎಂದರು. ಏಳು ಜನ ಹಿಡಿಸುವ ಕಾರಿನಲ್ಲಿ ಏಳು ಜನ ಮತ್ತು ಹನ್ನೊಂದು ಜನರ ಸಾಮಾನು ತುಂಬಿಕೊಂಡು ಬೆಂಗಳೂರು ಬಿಟ್ಟೆವು.

ಬಿಡುವ ಮುನ್ನ, ಬೆಳಗಿನ ಜಾವ ನಾಲ್ಕಕ್ಕೇ ಅಪ್ಪನಿಗೆ ಎಣ್ಣೆನೀರು, ಆರತಿ ಎಲ್ಲವೂ ಆಗಿದ್ದವು. ಪಾಯಸ ತಿನ್ನಲು ಮಾತ್ರ ಹೊತ್ತಿರಲಿಲ್ಲ. ಅದು ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಅಮ್ಮನ ತೊಡೆಯ ಮೇಲೆ ಕುಳಿತು ನೆಲಮಂಗಲ, ಕುಣಿಗಲ್ ದಾಟಿತು. ಯಡಿಯೂರಿನ ಹತ್ತಿರ ತಿಂಡಿಗೆಂದು ನಿಲ್ಲಿಸಿದಾಗ ಪ್ರವಾಸದ ಮೊದಲ ಪ್ರಶ್ನೆ ಎದ್ದಿತು: ಅಪ್ಪನಿಗೆ ಏನು ಬೇಕು? ಅಪ್ಪ ಎಂದಿನಂತೆ "ಏನಾದರೂ ಆಗುತ್ತೆ" ಎಂದರು. ಹಾಗಲ್ಲ, ಈ ದಿನ ನೀವೇ ಹೇಳಬೇಕು ಎಂದು ಆರೂ ಜನ ಮುತ್ತಿಗೆ ಹಾಕಿದ ಮೇಲೆ "ಹಾಗಾದರೆ ಎರಡು ಇಡ್ಲಿ" ಎಂದರು. ಹುಟ್ಟುಹಬ್ಬದ ದಿನ ಯಾರಾದರೂ ಇಡ್ಲಿ ತಿನ್ನುತ್ತಾರೆಯೇ ಎಂದು ನನ್ನ ತಂಗಿ ಗದರಿದಳು. ಮಸಾಲೆ ದೋಸೆ ಬಂತು. ಮಧ್ಯಾಹ್ನ ಹಾಸನದಲ್ಲಿ ಇದೇ ಪ್ರಶ್ನೆ, ಇದೇ ಉತ್ತರ, ಇದೇ ಗದರಿಕೆ. ಅಳಿಯ ಹುಡುಗನ ಅಪ್ಪಣೆಯಂತೆ ನಾನ್ ಮತ್ತು ಪನೀರ್ ಬಂದವು. ಯಾರ ಹುಟ್ಟುಹಬ್ಬವೋ ಅವರನ್ನು ಎಲ್ಲರಿಗಿಂತ ಮೊದಲು ಕೇಳಬೇಕು, ಎಲ್ಲರಿಗಿಂತ ಕೊನೆಗೂ ಅವರ ಮಾತು ನಡೆಯಬಾರದು ಎಂಬುದು ನಮ್ಮ ಮನೆಗಳಲ್ಲಿ ಯಾರೂ ಬರೆಯದೆ ಜಾರಿಯಲ್ಲಿರುವ ಕಾನೂನು.

ಎರಡು ಊಟಗಳ ನಡುವಿನ ಬಿಡುವಿನಲ್ಲಿ ನೋಡುವ ಸ್ಥಳಗಳಿದ್ದವು. ಶ್ರವಣಬೆಳಗೊಳದಲ್ಲಿ ಅಪ್ಪನ ಮಂಡಿ ಸಹಕರಿಸಲಿಲ್ಲ. ದೊಡ್ಡಬೆಟ್ಟದ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಆರುನೂರಕ್ಕೂ ಹೆಚ್ಚು. ಡೋಲಿಯವರು ಬಂದು ಕೇಳಿದಾಗ ಅಪ್ಪ "ನಾಲ್ಕು ಜನ ಹೊರೋದಕ್ಕೆ ಇನ್ನೂ ಟೈಮ್ ಇದೆಯಪ್ಪ" ಎಂದುಬಿಟ್ಟರು. "ಬಿಡ್ತು ಅನ್ನಿ! ಒಳ್ಳೇ ದಿನಾನೂ ಅದೇ ಮಾತಾ?" ಎಂದು ಅಮ್ಮ ಅಲ್ಲೇ ಕುಳಿತರು. ನಾವು ಬರಿಗಾಲಿನಲ್ಲಿ ಹತ್ತಿ, ಚಾವುಂಡರಾಯ ಕಡೆಯಿಸಿದ ಆ ಐವತ್ತೆಂಟು ಅಡಿಯ ಮೂರ್ತಿಯ ಪಾದದ ಬಳಿ ನಿಂತು ಕತ್ತು ನೋಯುವಷ್ಟು ನೋಡಿ ಇಳಿಯುವ ವೇಳೆಗೆ, ಇವರಿಬ್ಬರೂ ಮರದ ನೆರಳಿನಲ್ಲಿ ಪಾಯಸದ ಡಬ್ಬಿ ತೆರೆದಿದ್ದರು. ಆರು ಗಂಟೆಗಳ ಪ್ರಯಾಣದಲ್ಲಿ ಶಾವಿಗೆಯು ಹಾಲನ್ನೆಲ್ಲ ಕುಡಿದು ಉಬ್ಬಿ ಡಬ್ಬಿಯ ಆಕಾರವನ್ನೇ ತಾಳಿತ್ತು. ಅಮ್ಮ ಚಮಚದ ಅಂಚಿನಿಂದ ಅದನ್ನು ಹೋಳು ಹೋಳಾಗಿ ಕೊಯ್ದು, ಫ್ಲಾಸ್ಕಿನಲ್ಲಿದ್ದ ಬಿಸಿ ಹಾಲನ್ನು ಸುರಿದು, ಗೋಡಂಬಿ ಮೇಲೆ ಬರುವವರೆಗೆ ಕಲಕಿ ಕೊಟ್ಟರು. ಹಾಲನ್ನು ಬೇರೆಯಾಗಿ ತಂದಿದ್ದ ಆ ಮುಂದಾಲೋಚನೆಯನ್ನು ನಾನು ಗೊಮ್ಮಟನ ಎತ್ತರದಷ್ಟೇ ಬೆರಗಿನಿಂದ ನೋಡಿದೆ.

ಹಳೇಬೀಡನ್ನು ನಾವು ತುಂಬಿದ ಹೊಟ್ಟೆಯಲ್ಲಿ ನೋಡಿದೆವು, ಬೇಲೂರನ್ನು ಹಸಿದು ನೋಡಿದೆವು. ಎರಡನ್ನೂ 2023ರಲ್ಲಿ ಸೋಮನಾಥಪುರದೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಾದರೂ, ಪನೀರಿನ ನಂತರದ ಮಧ್ಯಾಹ್ನಕ್ಕೆ ಅದರ ಪರಿವೆ ಇರುವುದಿಲ್ಲ. ಹೊಯ್ಸಳೇಶ್ವರದ ಗೋಡೆಯ ತಳದಲ್ಲಿ ಸಾಲಾಗಿ ಸಾಗುವ ಆನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂದು ಅಲ್ಲಿ ಹೇಳುತ್ತಾರೆ. ನನ್ನ ಮಗಳು ಅದನ್ನು ಪರೀಕ್ಷಿಸಿಯೇ ತೀರುತ್ತೇನೆಂದು ಹೊರಟು ಮೂವತ್ತನೆಯ ಆನೆಯ ಹತ್ತಿರ ಆಕಳಿಸಿ ಕೈಬಿಟ್ಟಳು. ಭಾವನವರು ಹುಲ್ಲಿನ ಮೇಲೆ ಮಲಗಿಯೇಬಿಟ್ಟರು. ಹದಿನಾರು ಕಿಲೋಮೀಟರ್ ಆಚೆಯ ಬೇಲೂರಿಗೆ ಬಂದಾಗ ಸಂಜೆ, ಕಾಫಿಯೂ ಸಿಕ್ಕಿರಲಿಲ್ಲ. ಆದರೂ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ನವರಂಗದಲ್ಲಿ, ತಿರುಗಣಿಯಲ್ಲಿ ಕಡೆದಂತಿರುವ ಆ ನುಣುಪಾದ ಕರಿಯ ಕಂಬಗಳ ನಡುವೆ ಎಲ್ಲರೂ ಸುಮ್ಮನೆ ನಿಂತೆವು. ಹಸಿವು ಕಣ್ಣನ್ನು ಚುರುಕು ಮಾಡುತ್ತದೆಯೆಂಬುದು ನನ್ನ ಊಹೆ. ಭಾವನವರು ಇದನ್ನು ಒಪ್ಪುವುದಿಲ್ಲ.

ಶನಿವಾರ ಯಾರ ಹುಟ್ಟುಹಬ್ಬವೂ ಅಲ್ಲ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಮೇಲೆ ಹೊರನಾಡಿಗೆ ಹೋದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದುದರ ಫಲವನ್ನು ಕಳಸದ ತಿರುವುಗಳಲ್ಲಿ ಅಳಿಯ ಹುಡುಗ ಅನುಭವಿಸಿದ, ಅದರ ವಿವರ ಇಲ್ಲಿ ಬೇಡ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬಂದವರೆಲ್ಲರಿಗೂ ಊಟವಿದೆ. ಪಂಕ್ತಿಯಲ್ಲಿ ಕುಳಿತರೆ ಮೆನು ಇಲ್ಲ, ಮಾಣಿ ಇಲ್ಲ, ಏನು ಬೇಕೆಂಬ ಪ್ರಶ್ನೆ ಇಲ್ಲ. ಅನ್ನದ ಮೇಲೆ ಸಾರು, ಸಾರಿನ ಹಿಂದೆಯೇ ಹುಳಿ, ತಡಮಾಡಿದವರ ಎಲೆಯ ಗತಿ ದೇವರಿಗೇ ಪ್ರೀತಿ. ಪಕ್ಕದಲ್ಲಿ ಕುಳಿತಿದ್ದ ಅಪ್ಪನನ್ನು ನಾನು ಅಂದು ಮೊದಲ ಸಲ ಗಮನಿಸಿದೆ. ಎರಡನೆಯ ಸಲ ಸಾರು ಹಾಕಿಸಿಕೊಂಡರು. ಪಾಯಸ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ. ಮಜ್ಜಿಗೆಯನ್ನು ಅಂಗೈಯಲ್ಲಿ ಸುರಿಸಿಕೊಂಡು ಕುಡಿದು, ನಮಗಿಂತ ಮೊದಲು ಎದ್ದು ಕೈತೊಳೆಯಲು ಹೋದರು. ನಿನ್ನೆಯಿಂದ ನಾವು ಅವರಿಗೆ ಮಾಡಿಸಿದ ಊಟಗಳಲ್ಲಿ ಒಂದನ್ನೂ ಅವರು ಹೀಗೆ ತಿಂದಿರಲಿಲ್ಲ, ಏಕೆಂದರೆ ಪ್ರತಿ ತುತ್ತಿಗೂ "ಹೇಗಿದೆ? ಇಷ್ಟ ಆಯ್ತಾ?" ಎಂದು ನಾವು ಅವರ ಬಾಯನ್ನೇ ನೋಡುತ್ತಿದ್ದೆವು.

ಭಾನುವಾರ ಬೆಳಗ್ಗೆ, ಮೂಡಿಗೆರೆಯ ಹತ್ತಿರದ ಹೋಂಸ್ಟೇಯ ಜಗಲಿಯಲ್ಲಿ, ತಾರೀಖಿನ ಹುಟ್ಟುಹಬ್ಬ. ಎದುರಿನ ಕಣದಲ್ಲಿ ಕಾಫಿ ಹಣ್ಣು ಹರವಿತ್ತು. ಮಕ್ಕಳು ಬೆಂಗಳೂರಿನಿಂದಲೇ ಗುಟ್ಟಾಗಿ ತಂದು ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದ ಮೊಟ್ಟೆಯಿಲ್ಲದ ಕೇಕಿನ ಪೆಟ್ಟಿಗೆ ಹೊರಬಂತು. ಘಟ್ಟದ ರಸ್ತೆಗಳಲ್ಲಿ ಅದು ಒಂದು ಬದಿಗೆ ಜಾರಿ, ಅಪ್ಪನ ಹೆಸರಿನ ಅರ್ಧಭಾಗ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಆರು ಮತ್ತು ಎಂಟರ ಅಂಕಿಯ ಮೇಣದಬತ್ತಿಗಳಲ್ಲಿ ಎಂಟು ಸರಿಯಾಗಿ ಸೊಂಟದಲ್ಲಿ ಮುರಿದು, ಕೆಳಗಿನ ಸೊನ್ನೆ ಮಾತ್ರ ಉಳಿದಿತ್ತು. ಹಾಗೆಯೇ ನೆಟ್ಟರು. "ಅರವತ್ತಾಯ್ತು ತಾತ!" ಎಂದು ಮಗಳು ಕೂಗಿದಳು. "ಹಾಗಾದರೆ ಷಷ್ಟ್ಯಬ್ದಿ ಇನ್ನೊಂದು ಸಲ ಮಾಡಿಸಬೇಕೇನು?" ಎಂದು ಅಮ್ಮ. ಹಚ್ಚಿದ ದೀಪವನ್ನು ಊದಿ ಆರಿಸುವುದು ಅಮ್ಮನಿಗೆ ಸೇರದ ಕಾರಣ, ಅಪ್ಪ ಆ ಅರವತ್ತನ್ನು ಮೆಲ್ಲಗೆ ಕಿತ್ತು ಪಕ್ಕದ ತಟ್ಟೆಯಲ್ಲಿಟ್ಟರು. ಕೇಕು ಹಂಚಿ ಮುಗಿಯುವವರೆಗೂ ಅದು ಅಲ್ಲಿ ಉರಿಯುತ್ತಿತ್ತು.

ಹಿಂದಿರುಗುವ ದಾರಿಯಲ್ಲಿ ಹೇಳುವಂಥದ್ದು ಏನೂ ಇಲ್ಲ. ಚನ್ನರಾಯಪಟ್ಟಣ ದಾಟಿ ಕಾಫಿಗೆಂದು ಒಂದು ಕಡೆ ನಿಲ್ಲಿಸಿದಾಗ ಮೂರೂ ಇಪ್ಪತ್ತು. ಮಾಣಿ ಬಂದು ನಿಂತ ಕೂಡಲೇ, ನಾವು ಬಾಯಿ ತೆರೆಯುವ ಮೊದಲೇ ಅಪ್ಪ "ಎರಡು ಇಡ್ಲಿ, ಸಾಂಬಾರ್ ಬೇರೆ ಬಟ್ಟಲಲ್ಲಿ" ಎಂದರು. ತಂಗಿ ಈ ಸಲ ಗದರಲಿಲ್ಲ.

"ಇಡ್ಲಿ ನಾಲ್ಕು ಗಂಟೆ ಮೇಲೆ ಸರ್, ಹಬೆಗೆ ಇನ್ನೂ ಇಟ್ಟಿಲ್ಲ" ಎಂದ ಮಾಣಿ.

"ಹೋಗಲಿ ಬಿಡು, ಜೂನ್ ಒಂದಕ್ಕೆ ತಿಂದರಾಯಿತು. ಏಳಿ, ಕತ್ತಲಾಗೋದರೊಳಗೆ ನೆಲಮಂಗಲ ದಾಟೋಣ" ಎಂದು ಅಪ್ಪ ಎದ್ದರು.

ಭಾವನವರು ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು ಕಾಲು ಚಾಚಿದರು. ಬೇರೆ ಯಾರೂ ಏಳಲಿಲ್ಲ.