ಸಾವಿರ ಗಂಟೆ ಓಡಿದರೆ ಸಾಕಾ?

ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡುವ ಯಂತ್ರದ, ಅಂದರೆ ಎಲೆಕ್ಟ್ರೋಲೈಸರ್‌ನ, ಪಾಲಿಮರ್ ಪೊರೆ ಲ್ಯಾಬಿನಲ್ಲಿ ಸಾವಿರ ಗಂಟೆ ತಾಳಿದೆ, ಇನ್ನು ಹಸಿರು ಹೈಡ್ರೋಜನ್ (ಸೋಲಾರ್, ಗಾಳಿಯಂಥ ಕರೆಂಟಿನಿಂದ ಮಾಡಿದ್ದು) ಅಗ್ಗ ಎಂದು ಲೇಖನದಲ್ಲಿ ಬರೆದಿದ್ದೀರಿ. ಸಾವಿರ ಗಂಟೆ ಅಂದರೆ ಹೆಚ್ಚುಕಮ್ಮಿ 42 ದಿನ. ವರ್ಷಕ್ಕೇ 8,760 ಗಂಟೆ ಇವೆ. ಕಾರ್ಖಾನೆಯವರು ಕೇಳುವುದು ವರ್ಷಗಟ್ಟಲೆ ಬಾಳಿಕೆ, ಅಲ್ವಾ?

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪೊರೆಯಿಂದ (ಮೆಂಬ್ರೇನ್) ನೀರು ಸೋಸುವ ಆರ್‌ಒ ಪ್ಲಾಂಟ್ ನೋಡಿಕೊಳ್ಳುತ್ತೇನೆ. ಗಡಸು ಬೋರ್‌ವೆಲ್ ನೀರನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಅಂತ ಹಳೇ ಮೆಂಬ್ರೇನ್ ಬಿಚ್ಚಿದವರಿಗೆ ಗೊತ್ತು. ತುದಿಯಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರ, ಉಗುರಲ್ಲಿ ಕೆರೆದರೂ ಬರಲ್ಲ. ಎಲೆಕ್ಟ್ರೋಲೈಸರ್ ಪೊರೆಯ ಕೆಲಸ ಬೇರೆ, ಒಪ್ಪುತ್ತೇನೆ. ಅದು ನೀರು ಸೋಸಲ್ಲ, ಪ್ರೋಟಾನ್ (ಹೈಡ್ರೋಜನ್ನಿನ ಧನ ಅಯಾನು) ದಾಟಿಸಿ ಹೈಡ್ರೋಜನ್, ಆಮ್ಲಜನಕ ಎರಡನ್ನೂ ಬೇರೆಬೇರೆ ಇಡುತ್ತದೆ. ಆದರೆ ಅದು ಇನ್ನೂ ನಾಜೂಕು. ನೀರಲ್ಲಿ ಕ್ಯಾಲ್ಸಿಯಂ ಇದ್ದರೆ ಪ್ರೋಟಾನ್ ಜಾಗದಲ್ಲಿ ಅದು ಕೂತುಬಿಡುತ್ತದೆ. ಪೈಪಿನಿಂದ ಚೂರು ಕಬ್ಬಿಣ ಸೇರಿದರೂ ಪಾಲಿಮರ್ ಸರಪಳಿಯನ್ನೇ ಕತ್ತರಿಸುವ ರಾಡಿಕಲ್‌ಗಳು (ಸಿಕ್ಕಿದ್ದರ ಮೇಲೆ ಎರಗುವ ಚುರುಕು ಕಣಗಳು) ಹುಟ್ಟುತ್ತವೆ. ಪೊರೆ ಸವೆದು ತೆಳ್ಳಗಾಗುತ್ತದೆ, ಹೈಡ್ರೋಜನ್ ಆಮ್ಲಜನಕದ ಕಡೆಗೆ ನುಸುಳುತ್ತದೆ. ಇದು ಬರೀ ನಷ್ಟದ ಮಾತಲ್ಲ. ಆಮ್ಲಜನಕದಲ್ಲಿ ಹೈಡ್ರೋಜನ್ ಸುಮಾರು 4% ದಾಟಿದರೆ ಬೆಂಕಿ ಹೊತ್ತಿಕೊಳ್ಳುವ ಮಿಶ್ರಣ ಅದು.



ಸೋಲಾರ್ ಕರೆಂಟಿನಲ್ಲಿ ದಿನಾ ಆನ್ ಆಫ್ ಆಗುವಾಗಿನ ಸವೆತವೂ ಇದೆ. ಹಾಗಾಗಿ ಎರಡೇ ಪ್ರಶ್ನೆ. ಆ ಸಾವಿರ ಗಂಟೆ ಒಂದೇ ಸಮನೆ ಓಡಿಸಿದ್ದೋ, ನಿಲ್ಲಿಸಿ ನಿಲ್ಲಿಸಿ ಓಡಿಸಿದ್ದೋ? ಹಾಕಿದ ನೀರು ಎಷ್ಟು ಶುದ್ಧ ಇತ್ತು?