ಸೇತುವೆ ನೋಡಿ ವಾಪಸ್ ಬರಬೇಡಿ

ಇಟಲಿಯ ಬಸ್ಸಾನೊ ಡೆಲ್ ಗ್ರಾಪ್ಪಾ ಊರಿನ ಮರದ ಸೇತುವೆ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. 1569ರಲ್ಲಿ ವಾಸ್ತುಶಿಲ್ಪಿ ಪಲ್ಲಾಡಿಯೊ ರೂಪಿಸಿದ ಆ ಸೇತುವೆ ಪ್ರವಾಹಕ್ಕೆ, ಯುದ್ಧಕ್ಕೆ ಸಿಕ್ಕಿ ಹಾಳಾದರೂ ಜನ ಮತ್ತೆ ಅದೇ ರೂಪದಲ್ಲಿ ಕಟ್ಟಿಕೊಂಡರು. ಆದರೆ ಅಲ್ಲಿನ ಪಿಂಗಾಣಿ ಕೆಲಸದ ವಿಷಯ ಒಂದೇ ಸಾಲಿಗೆ ಮುಗಿಸಿದ್ದು ಬೇಜಾರಾಯಿತು. ಆ ಸೇತುವೆ ಇರುವ ಬ್ರೆಂಟಾ ನದಿ ದಡದಲ್ಲೇ ಪಲಾಝೋ ಸ್ಟುರ್ಮ್ ಅನ್ನೋ ಹಳೇ ಅರಮನೆ ಇದೆ, ಅದರೊಳಗೆ ಪಿಂಗಾಣಿ ಮ್ಯೂಸಿಯಂ. ಅಲ್ಲಿ ಅವಸರ ಮಾಡಬೇಡಿ. ಆಮೇಲೆ ಹತ್ತಿರದ ನೋವೆ ಊರಿಗೂ ಹೋಗಿ. ಅಲ್ಲಿನ ಹಳೇ ಗಿರಣಿಯಲ್ಲಿ ನದಿಯ ಕಲ್ಲುಗಳನ್ನು ನೀರಿನ ಬಲದಿಂದಲೇ ಕುಟ್ಟಿ ಪುಡಿ ಮಾಡುತ್ತಿದ್ದರು. ಆ ಪುಡಿಯೇ ಪಿಂಗಾಣಿ ಕೆಲಸಕ್ಕೆ ಹೋಗುತ್ತಿತ್ತು. ಕಲ್ಲೂ ನದಿಯದು, ಶಕ್ತಿಯೂ ನದಿಯದು, ಎಷ್ಟು ಚೆಂದ ಅಲ್ವಾ! ನನಗೆ ಜಾಸ್ತಿ ಇಷ್ಟವಾದದ್ದು ಮಣ್ಣಿನ ಪೀಪಿಗಳು. ಅವಕ್ಕೆ ಅಲ್ಲಿ 'ಕೂಕಿ' ಅಂತಾರೆ. ಒಂದು ತಂದಿದ್ದೇನೆ, ಮಗಳು ದಿನಾ ಊದುತ್ತಾಳೆ.