ಯಾರ ಮನೆಯವನಪ್ಪ ನೀನು?

ಇತ್ತೀಚೆಗೆ ನನ್ನ ಫೋನ್ ನಂಬರ್ ಬದಲಾಯಿತು. ಹೊಸ ನಂಬರಿನಿಂದ ಮೊದಲ ಕರೆ ಅರಸೀಕೆರೆಯಲ್ಲಿರುವ ಅಮ್ಮನಿಗೆ. ಎತ್ತಲಿಲ್ಲ. ಮತ್ತೆ ಮಾಡಿದರೆ ಕಟ್ ಮಾಡಿದರು. +49 ಅಂತ ಶುರುವಾಗುವ, ಅಂದರೆ ನಾನಿರುವ ಜರ್ಮನಿಯ, ಗೊತ್ತಿಲ್ಲದ ನಂಬರ್ ನೋಡಿ ಗಾಬರಿಯಾಗಿತ್ತಂತೆ. ಬೆಂಗಳೂರಿನ ಅಕ್ಕನ ಕೈಲಿ ಹೇಳಿಸಿದ ಮೇಲೆ ಎತ್ತಿದರು. ಎತ್ತಿದವರು ಯಾವತ್ತಿನಂತೆ "ಊಟ ಆಯ್ತಾ" ಅನ್ನಲಿಲ್ಲ. "ನಮ್ಮ ಹಳೇ ಮನೆ ಹಿತ್ತಲಲ್ಲಿ ಯಾವ ಮರ ಇತ್ತು, ಹೇಳು" ಅಂದರು. "ಚಕ್ಕೋತ" ಅಂದೆ. ಆಮೇಲೆ ಉಸಿರು ಬಿಟ್ಟು "ಹ್ಞಾಂ, ಹೇಳಪ್ಪ" ಅಂದರು.

ದನಿಯನ್ನೇ ನಕಲು ಮಾಡಿ ದುಡ್ಡು ಕೇಳುತ್ತಾರೆ ಅಂತ ಅವರು ಟಿವಿಯಲ್ಲಿ ನೋಡಿದ್ದಾರೆ. ಅವರನ್ನು ದೂರುವ ಹಾಗಿಲ್ಲ. ಪೊಲೀಸರ ವೇಷ ಹಾಕಿ ವಿಡಿಯೋ ಕಾಲ್ ಮಾಡಿ, "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅಂತ ಹೆದರಿಸಿ ದುಡ್ಡು ಕೀಳುವ ದಂಧೆ ಎಷ್ಟು ಬೆಳೆದಿದೆ ಅಂದರೆ, 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಅದರ ಬಗ್ಗೆ ಎಚ್ಚರಿಸಬೇಕಾಯಿತು. ಏನಾದರೂ ಆದರೆ 1930ಕ್ಕೆ ಫೋನ್ ಮಾಡಬೇಕು ಅಂತ ಅಮ್ಮ ಕ್ಯಾಲೆಂಡರ್ ಮೇಲೆ ಬರೆದಿಟ್ಟುಕೊಂಡಿದ್ದಾರೆ. ಎಲ್ಲ ಸರಿ. ಆದರೂ ಹೊಟ್ಟೆಯೊಳಗೆ ಏನೋ ಚುಚ್ಚಿತು. ಮಗನ ದನಿ ಕೇಳಿದರೂ ತಾಯಿ ನಂಬದಂಥ ಕಾಲ ಬಂತಲ್ಲ.

ಅಮ್ಮ ಹೀಗಿರಲಿಲ್ಲ. ನಮ್ಮ ಮನೆಯ ಬಾಗಿಲು ಬೆಳಗ್ಗೆ ತೆಗೆದರೆ ರಾತ್ರಿ ಮಲಗುವಾಗಲೇ ಹಾಕುತ್ತಿದ್ದದ್ದು. ಅಕ್ಕ ಬೆಂಗಳೂರಲ್ಲಿ ಹಾಸ್ಟೆಲ್‌ನಲ್ಲಿ ಓದುತ್ತಿದ್ದಾಗ ಅವಳಿಗೆ ಚಟ್ನಿಪುಡಿ, ಕೋಡುಬಳೆ, ಕೆಲವು ಸಲ ದುಡ್ಡು ಕೂಡ ಕೆಂಪು ಬಸ್ಸಿನಲ್ಲೇ ಹೋಗುತ್ತಿತ್ತು. ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗಿ, ಡ್ರೈವರ್ ಸೀಟಿನ ಹಿಂದೆ ಡಬ್ಬ ಇಟ್ಟು, "ಮೆಜೆಸ್ಟಿಕ್‌ನಲ್ಲಿ ಮಗಳು ಬಂದು ಇಸ್ಕೋತಾಳೆ ಸ್ವಾಮಿ" ಅನ್ನುತ್ತಿದ್ದರು. ಡ್ರೈವರ್ ತಲೆ ಆಡಿಸುತ್ತಿದ್ದ. ರಸೀದಿ ಇಲ್ಲ, ಸಹಿ ಇಲ್ಲ. ಬಸ್ ನಂಬರ್ ಮಾತ್ರ ಎಸ್‌ಟಿಡಿ ಬೂತಿನಿಂದ ಹಾಸ್ಟೆಲ್‌ಗೆ ಹೇಳಬೇಕಿತ್ತು. ತಿಪಟೂರು, ತುಮಕೂರು ದಾಟಿ ಡಬ್ಬ ಹೋಗಿ ತಲುಪುತ್ತಿತ್ತು. ಕಳೆದುಹೋಯಿತು ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ನೆನಪಿಲ್ಲ. ಈಗ ಸಾರಿಗೆ ಸಂಸ್ಥೆಯವರೇ 2021ರಲ್ಲಿ ನಮ್ಮ ಕಾರ್ಗೋ ಅಂತ ಶುರು ಮಾಡಿದ್ದಾರೆ. ಒಳ್ಳೆಯದೇ. ಆದರೆ ಅದು ಸೇವೆ. ಆಗ ನಡೆಯುತ್ತಿದ್ದದ್ದು ಬೇರೆ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಪಾರ್ಸೆಲ್ ಬಂದಾಗ ನೀವು ಮನೆಯಲ್ಲಿ ಇಲ್ಲದಿದ್ದರೆ, ತಂದವನು ಅದನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗುತ್ತಾನೆ. ನಿಮ್ಮ ಅಂಚೆ ಡಬ್ಬದಲ್ಲಿ ಒಂದು ಚೀಟಿ ಬಿದ್ದಿರುತ್ತದೆ, ಅದರಲ್ಲಿ ಪಾರ್ಸೆಲ್ ಯಾರ ಮನೆಯಲ್ಲಿದೆ ಅಂತ ಗೀಚಿರುತ್ತಾನೆ. ನಮ್ಮ ಕಟ್ಟಡದಲ್ಲಿ ಆ ಹೆಸರು ಹೆಚ್ಚಾಗಿ ಕೆಳಮನೆಯ ಅಜ್ಜಿಯದು. ಅವರ ಬಾಗಿಲು ತೆಗೆದರೆ ಚಪ್ಪಲಿ ಸ್ಟ್ಯಾಂಡ್ ಪಕ್ಕ ಎಲ್ಲರ ಪೆಟ್ಟಿಗೆಗಳೂ ಸಾಲಾಗಿ ಇರುತ್ತವೆ. ಮೂರನೇ ಮಹಡಿಯ ಟರ್ಕಿ ಮೂಲದವರದ್ದು, ಎದುರಿನ ವಿದ್ಯಾರ್ಥಿಗಳದ್ದು, ನಮ್ಮದು. ಅಜ್ಜಿ ಕನ್ನಡಕ ಏರಿಸಿ ಹೆಸರು ಓದುತ್ತಾರೆ. ನನ್ನ ಹೆಸರನ್ನು ಒಂದೊಂದು ದಿನ ಒಂದೊಂದು ಥರ ಹೇಳುತ್ತಾರೆ. ಪೆಟ್ಟಿಗೆ ಕೈಗಿಟ್ಟು, ಮಗಳು ಹೇಗಿದ್ದಾಳೆ, ಶಾಲೆಗೆ ಒಬ್ಬಳೇ ನಡೆದು ಹೋಗ್ತಾಳಾ ಅಂತ ವಿಚಾರಿಸುತ್ತಾರೆ. ಹೌದು, ಒಬ್ಬಳೇ ಹೋಗುತ್ತಾಳೆ. ಇಲ್ಲಿ ಒಂದನೇ ಕ್ಲಾಸಿನ ಮಕ್ಕಳೂ ಬ್ಯಾಗ್ ಹಾಕಿಕೊಂಡು ತಾವೇ ನಡೆದು ಹೋಗುತ್ತವೆ. ಕಾರಿನಲ್ಲಿ ತಂದು ಬಿಡಬೇಡಿ ಅಂತ ಶಾಲೆಯವರೇ ಕೇಳಿಕೊಳ್ಳುತ್ತಾರೆ.

ಊರಾಚೆ ಹೊಲದ ಬದಿಯಲ್ಲಿ ಬೇಸಿಗೆ ಪೂರ್ತಿ ಸೂರ್ಯಕಾಂತಿ, ಗ್ಲ್ಯಾಡಿಯೋಲಸ್ ಹೂ. ಒಂದು ಹಲಗೆ ಮೇಲೆ ಬೆಲೆ ಬರೆದಿರುತ್ತದೆ, ಕತ್ತರಿಸಲು ಚಾಕು ಇರುತ್ತದೆ, ಪಕ್ಕದಲ್ಲಿ ಕಬ್ಬಿಣದ ಹುಂಡಿ. ಬೇಕಾದಷ್ಟು ಕುಯ್ದುಕೊಂಡು ದುಡ್ಡು ಹಾಕಿ ಹೋಗಬೇಕು. ಕಾಯುವವರಿಲ್ಲ. ಇದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ಅಪ್ಪನ ಆ ಡಬ್ಬ. ನಾವು ಬಿಟ್ಟು ಬಂದದ್ದು ಇಲ್ಲಿ ಸಿಕ್ಕಿತಲ್ಲ ಅಂತ ಖುಷಿಯೂ ಆಯಿತು, ಸಂಕಟವೂ ಆಯಿತು.

ಯಾಕೆ ಸಂಕಟ ಅಂದರೆ, ಬೆಂಗಳೂರಲ್ಲಿ ಅಕ್ಕನ ಅಪಾರ್ಟ್‌ಮೆಂಟ್‌ಗೆ ಹೋದಾಗ ಏನಾಗುತ್ತದೆ ಅಂತ ನೋಡಿದ್ದೇನೆ. ಗೇಟಿನಲ್ಲಿ ಸೆಕ್ಯೂರಿಟಿ ಹುಡುಗ ಫೋಟೋ ತೆಗೆಯುತ್ತಾನೆ. ಫೋನ್ ನಂಬರ್ ಕೇಳುತ್ತಾನೆ. ಅಕ್ಕನ ಮೊಬೈಲ್‌ಗೆ ನೋಟಿಫಿಕೇಷನ್ ಹೋಗಬೇಕು, ಅವಳು ಒಪ್ಪಬೇಕು. ಆ ದಿನ ಅವಳು ಸ್ನಾನಕ್ಕೆ ಹೋಗಿದ್ದಳು. ನಾನು ಸೂಟ್‌ಕೇಸ್ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದೆ. ಹುಡುಗ ಪಾಪ ಒಳ್ಳೆಯವನು. ಕುರ್ಚಿ ಕೊಟ್ಟ, ನೀರೂ ಕೊಟ್ಟ. ಒಳಗೆ ಬಿಡುವುದು ಮಾತ್ರ ಅವನ ಕೈಯಲ್ಲಿ ಇರಲಿಲ್ಲ. ನಾನು ಯಾರು, ಎಲ್ಲಿಂದ ಬಂದೆ, ಅಕ್ಕನಿಗೆ ಏನಾಗಬೇಕು ಅಂತ ಅವನು ಕೇಳಲೇ ಇಲ್ಲ. ಕೇಳಿಯೂ ಪ್ರಯೋಜನ ಇಲ್ಲ. ನಾನು ಏನು ಉತ್ತರ ಕೊಟ್ಟರೂ ಗೇಟು ತೆಗೆಯುವುದು ಫೋನ್ ಹೇಳಿದಾಗಲೇ.

ನನಗೆ ಅನ್ನಿಸುವುದು ಇಷ್ಟು. ಅನುಮಾನ ಮೊದಲೂ ಇತ್ತು. ಆದರೆ ಮೊದಲಿನ ಅನುಮಾನ ಮಾತಿನಲ್ಲಿ ಮುಗಿಯುತ್ತಿತ್ತು. ಊರಿಗೆ ಹೊಸಬ ಬಂದರೆ ಜಗಲಿ ಮೇಲೆ ಕೂತವರು ಮೇಲಿಂದ ಕೆಳಗೆ ನೋಡಿ, "ಯಾರ ಮನೆಯವನಪ್ಪ ನೀನು?" ಅನ್ನುತ್ತಿದ್ದರು. ಆಮೇಲೆ ಯಾವೂರು, ಯಾರ ಪೈಕಿ, ಇಲ್ಲಿ ಯಾರನ್ನು ನೋಡಬೇಕು. ಎರಡು ಮಾತು ಆಡುವಷ್ಟರಲ್ಲಿ ಯಾರೋ ಇಬ್ಬರಿಗೂ ಗೊತ್ತಿರುವವರು ಸಿಗುತ್ತಿದ್ದರು. ಅಲ್ಲಿಗೆ ಅನುಮಾನ ಹೋಗಿ ಮಜ್ಜಿಗೆ ಬರುತ್ತಿತ್ತು. ಈಗಿನ ಅನುಮಾನಕ್ಕೆ ಕೊನೆಯೇ ಇಲ್ಲ. ಅಕ್ಕನ ಮನೆಗೆ ವರ್ಷಗಳಿಂದ ಕೆಲಸಕ್ಕೆ ಬರುವ ಹೆಂಗಸು ದಿನಾ ಗೇಟಿನಲ್ಲಿ ಎಂಟ್ರಿ ಮಾಡಿಸಬೇಕು. ಸಂಜೆ ಹೊರಡುವಾಗ ಚೀಲ ತೆರೆದು ತೋರಿಸಬೇಕು. ಅಕ್ಕನ ಮಗನನ್ನು ಎತ್ತಿ ಆಡಿಸಿದ ಕೈ ಅದು. ನೂರು ದಿನ ಚೀಲ ನೋಡಿ ಏನೂ ಸಿಗದಿದ್ದರೂ ನೂರ ಒಂದನೇ ದಿನ ಮತ್ತೆ ನೋಡುತ್ತಾರೆ. ಲಿಫ್ಟ್ ಕೂಡ ಅವಳಿಗೆ ಬೇರೆ. ಊಟ ತರುವ ಹುಡುಗರಿಗೂ ಅದೇ ಲಿಫ್ಟ್.

ಅಮ್ಮನ ಚಕ್ಕೋತ ಮರದ ಪ್ರಶ್ನೆಯನ್ನು ನಾನು ಕೊನೆಗೆ ಒಪ್ಪಿಕೊಂಡದ್ದೂ ಇದಕ್ಕೇ. ಅವರು ಅನುಮಾನ ಪಟ್ಟರು, ಕೇಳಿದರು, ಉತ್ತರ ಸರಿ ಬಂತು, ಬಿಟ್ಟರು.

ಕೇಳುವ ವ್ಯವಧಾನವೇ ಇಲ್ಲದೇ ಹೋದರೆ ಏನಾಗುತ್ತದೆ ಅನ್ನುವುದನ್ನು ನಾವು 2018ರಲ್ಲಿ ನೋಡಿದ್ದೇವೆ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಹರಿದಾಡಿದವು. ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಸತ್ತ. ಅವನ ಜೊತೆಯವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪವಾಯಿತು. ಯಾವೂರಪ್ಪ ಅಂತ ಕೂರಿಸಿ ಕೇಳಿದ್ದರೆ ಸಾಕಿತ್ತು. ಅದೇ ಜುಲೈನಲ್ಲಿ ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ಹಾಕಿತು. ಆ ಸುದ್ದಿಗಳನ್ನು ಇಲ್ಲಿ ಕೂತು ಓದುವಾಗ ಕೈ ನಡುಗಿತ್ತು. ಮಕ್ಕಳಿಗೆ ಚಾಕೊಲೇಟ್ ಕೊಡುವುದು ನಮ್ಮ ಊರಿನಲ್ಲಿ ಯಾವತ್ತಿನಿಂದ ತಪ್ಪಾಯಿತು?

ಇದನ್ನೆಲ್ಲ ಅಕ್ಕನಿಗೆ ಹೇಳಿದರೆ ಅವಳು ಸುಮ್ಮನೆ ಇರುವವಳಲ್ಲ. "ನೀನು ಆ ಕಡೆ ಹೋಗಿ ಎಲ್ಲ ಮರೆತೆ" ಅಂದಳು. "ದಂಡುಪಾಳ್ಯದವರ ಕಾಲದಲ್ಲಿ ಇದೇ ಅಮ್ಮ ಮಧ್ಯಾಹ್ನ ಬಾಗಿಲಿಗೆ ಅಗುಳಿ ಹಾಕ್ತಿರಲಿಲ್ವಾ?" ಹಾಕುತ್ತಿದ್ದರು, ನಿಜ. ಹೊಸಕೋಟೆ ಕಡೆಯ ಆ ಗ್ಯಾಂಗು ತೊಂಬತ್ತರ ದಶಕದಲ್ಲಿ ನೀರು ಕೇಳುವ ನೆಪದಲ್ಲಿ ಒಂಟಿ ಹೆಂಗಸರಿದ್ದ ಮನೆಗೆ ನುಗ್ಗಿ ಕೊಲ್ಲುತ್ತಿತ್ತು. ಬಾಯಾರಿ ಬಂದವರಿಗೆ ನೀರು ಕೊಡದೆ ಕಳಿಸಲು ನಮ್ಮ ಕಡೆಯ ಹೆಂಗಸರು ಕಲಿತದ್ದು ಆಗಲೇ ಇರಬೇಕು. ಅದೇ ದಶಕದಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಸುಣ್ಣದಲ್ಲಿ ಬರೆದವರೂ ನಾವೇ. ರಾತ್ರಿ ಗೊತ್ತಿರುವವರ ದನಿಯಲ್ಲೇ ದೆವ್ವ ಕೂಗುತ್ತದೆ, ಓಗೊಟ್ಟರೆ ಸತ್ತೆವು ಅಂತ ನಂಬಿದ್ದೆವು. "ಬೆಳ್ಳಗಿರೋದೆಲ್ಲ ಹಾಲಲ್ಲ" ಅನ್ನುವ ಗಾದೆ ಯಾವ ಅಪಾರ್ಟ್‌ಮೆಂಟಿನಲ್ಲೂ ಹುಟ್ಟಿದ್ದಲ್ಲ.

ಜರ್ಮನಿಯನ್ನು ಹೊಗಳುವಾಗಲೂ ಕೆಲವನ್ನು ಒಪ್ಪಬೇಕಾಗುತ್ತದೆ. ಇಲ್ಲಿ ರೈಲಿಗೆ ಗೇಟಿಲ್ಲ, ಟಿಕೆಟ್ ತೋರಿಸದೆ ಹತ್ತಬಹುದು. ಆದರೆ ಸಿಕ್ಕಿಬಿದ್ದರೆ 60 ಯೂರೋ ದಂಡ. ಹೂವಿನ ಹೊಲದ ನಂಬಿಕೆ ಬಾಡಿಗೆ ಮನೆ ಹುಡುಕುವಾಗ ಸಿಗುವುದಿಲ್ಲ. ಸಾಲ ಸರಿಯಾಗಿ ತೀರಿಸಿದ್ದೀಯಾ ಅಂತ ಶೂಫಾ ವರದಿ ಕೊಡಬೇಕು, ಸಂಬಳದ ಚೀಟಿ ಕೊಡಬೇಕು, ಅದರ ಮೇಲೂ ನಮ್ಮಂಥ ಹೆಸರು ನೋಡಿ ಉತ್ತರ ಬರೆಯದವರಿದ್ದಾರೆ. ಗೂಗಲ್‌ನವರು 2010ರಲ್ಲಿ ಬೀದಿಗಳ ಫೋಟೋ ಹಾಕಲು ಹೊರಟಾಗ 2.44 ಲಕ್ಷ ಮನೆಯವರು ನಮ್ಮ ಮನೆ ಮಸುಕು ಮಾಡಿ ಅಂತ ಅರ್ಜಿ ಹಾಕಿದ್ದರು. ಹಾಗಾದರೆ ಇವರೂ ಅನುಮಾನದ ಜನವೇ. ಇವರ ಅನುಮಾನ ಕಂಪನಿಗಳ ಮೇಲೆ, ಸರ್ಕಾರದ ಮೇಲೆ ಜಾಸ್ತಿ. ಪಕ್ಕದ ಮನೆಯವರ ಮೇಲೆ ಕಡಿಮೆ.

ಅದಕ್ಕೂ ಕಾರಣ ಇದೆ. ಆಫೀಸಿನಲ್ಲಿ ಲೈಪ್‌ಜಿಗ್‌ನಿಂದ ಬಂದ ಗೆಳೆಯನೊಬ್ಬನಿದ್ದಾನೆ. ಹಳೇ ಪೂರ್ವ ಜರ್ಮನಿಯವನು. "ಹಿಂದಿನ ಕಾಲದಲ್ಲಿ ಜನ ಒಬ್ಬರನ್ನೊಬ್ಬರು ನಂಬುತ್ತಿದ್ದರು" ಅಂತ ನಾನು ಅಂದಾಗ ಅವನು ತಲೆ ಅಲ್ಲಾಡಿಸಿದ. ಅಲ್ಲಿನ ಗುಪ್ತ ಪೊಲೀಸ್ ಸ್ಟಾಸಿಯಲ್ಲಿ ಕೊನೆಗಾಲಕ್ಕೆ ಸುಮಾರು 91 ಸಾವಿರ ನೌಕರರಿದ್ದರು. ಅದರ ಮೇಲೆ ಮಾಹಿತಿ ಕೊಡುವ ಲಕ್ಷಾಂತರ ಸಾಮಾನ್ಯ ಜನ. ಗೆಳೆಯರು, ಸಹೋದ್ಯೋಗಿಗಳು, ಕೆಲವು ಕಡೆ ಗಂಡ ಅಥವಾ ಹೆಂಡತಿ. ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್ ಆಗುವಷ್ಟು ಕಡತ. 1992ರಿಂದ ಜನ ತಮ್ಮ ಕಡತ ತಾವೇ ಓದಬಹುದು. ಅವನ ಅಜ್ಜನೂ ಹೋಗಿ ಓದಿ ಬಂದರಂತೆ. ಆಮೇಲೆ ಒಬ್ಬ ಹಳೇ ಗೆಳೆಯನ ಮನೆಗೆ ಹೋಗುವುದನ್ನು ಬಿಟ್ಟರಂತೆ. ಹಿಂದಿನ ಕಾಲ ಚೆನ್ನಾಗಿತ್ತು ಅನ್ನುವ ಮಾತು ಅವನ ಮನೆಯಲ್ಲಿ ನಡೆಯುವುದಿಲ್ಲ.

ಇನ್ನೊಂದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳದಿದ್ದರೆ ಸರಿಯಾಗುವುದಿಲ್ಲ. ಜಗಲಿ ಮೇಲಿನ ಆ ಪ್ರಶ್ನೆ ನನ್ನಂಥವನಿಗೆ ಮಜ್ಜಿಗೆ ತಂದುಕೊಟ್ಟಿತು. "ಯಾರ ಪೈಕಿ" ಅಂತ ಕೇಳಿದ್ದು ಜಾತಿ ತಿಳಿಯಲಿಕ್ಕೂ ಹೌದು. ಸರಿಯಾದ ಉತ್ತರ ಇಲ್ಲದವನು ಜಗಲಿಯ ಕೆಳಗೇ ನಿಲ್ಲುತ್ತಿದ್ದ. ಅವನಿಗೆ ಅನುಮಾನ ಯಾವತ್ತೂ ಮಾತಿನಲ್ಲಿ ಮುಗಿಯಲಿಲ್ಲ. ಊಟ ತಂದ ಹುಡುಗನ ಹತ್ತಿರ ಅಕ್ಕನ ಗೇಟು ಕೇಳುವುದು ನಾಲ್ಕು ಅಂಕಿ ಮಾತ್ರ, ಅವನ ಅಪ್ಪ ಯಾರು ಅಂತ ಕೇಳುವುದಿಲ್ಲ. ಅಷ್ಟರ ಮಟ್ಟಿಗೆ ಆ ಯಂತ್ರ ನಮ್ಮ ಜಗಲಿಗಿಂತ ಮೇಲು.

ಅಕ್ಕ ಇನ್ನೂ ಒಂದು ಮಾತು ಅಂದಳು. "ಅಲ್ಲಿ ಪಾರ್ಸೆಲ್ ಕಳೆದರೆ ಯಾರೋ ದುಡ್ಡು ವಾಪಸ್ ಕೊಡ್ತಾರೆ, ಪೊಲೀಸರಿಗೆ ಹೇಳಿದರೆ ಬರೆದುಕೊಳ್ತಾರೆ. ಇಲ್ಲಿ ಹೋದರೆ ಹೋಯ್ತು. ನಿನಗೆ ನಂಬೋದು ಸುಲಭ." ಗೇಟಿನ ವಿಷಯದಲ್ಲಿ ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಹೆಂಗಸರು, ಮಕ್ಕಳು, ವಯಸ್ಸಾದವರು ಮಾತ್ರ ಇರುವ ಮನೆಗಳವು. ಗೇಟು ಇರಲಿ, ಕ್ಯಾಮೆರಾನೂ ಇರಲಿ.

ಆದರೆ ಆ ಚೀಲದ ವಿಷಯವನ್ನು ನಾನು ಬಿಡಲಿಲ್ಲ. ನಿನ್ನ ಮಗನನ್ನು ದಿನಕ್ಕೆ ನಾಲ್ಕು ಗಂಟೆ ಅವಳ ಹತ್ತಿರ ಬಿಟ್ಟು ಆಫೀಸಿಗೆ ಹೋಗ್ತೀಯ, ಮನೆ ಕೀಲಿಯೂ ಅವಳ ಹತ್ತಿರ ಇದೆ, ಸಂಜೆ ಅವಳ ಚೀಲದಲ್ಲಿ ಏನು ಹುಡುಕ್ತಾರೆ ಅಂತ ಕೇಳಿದೆ. ಅದಕ್ಕೆ ಅವಳ ಹತ್ತಿರವೂ ಉತ್ತರ ಇರಲಿಲ್ಲ. ಅಸೋಸಿಯೇಷನ್‌ನ ಮುಂದಿನ ಸಭೆಯಲ್ಲಿ ಎತ್ತುತ್ತೇನೆ ಅಂದಿದ್ದಾಳೆ. ಲಿಫ್ಟಿನ ವಿಷಯವನ್ನೂ ಸೇರಿಸು ಅಂತ ನಾನು ಮತ್ತೆ ಮೆಸೇಜ್ ಹಾಕಿದ್ದೇನೆ.